ಕೊಳಗ ಯಾರ ಕೈಯಲ್ಲಿದೆ?

ಹೋದ ಮುಂಗಾರಿನಲ್ಲಿ ನಡೆದದ್ದು. ನಮ್ಮ ಕಡೆಯ ನಾನ್ನೂರು ಚಿಲ್ಲರೆ ಅಡಿಕೆ ಬೆಳೆಗಾರರು ಒಂದು ಜಾಲತಾಣದಲ್ಲಿ ಗುಂಪು ಮಾಡಿಕೊಂಡಿದ್ದೆವು. ಎಲೆಚುಕ್ಕಿ ಯಾವ ತೋಟದಲ್ಲಿ ಕಂಡಿತು, ಬೋರ್ಡೋ ದ್ರಾವಣ ಯಾರದ್ದು ಕೆಟ್ಟಿತು, ಕೊನೆಗಾರ ಎಲ್ಲಿ ಸಿಗ್ತಾನೆ, ಇವತ್ತು ರಾಶಿ ಎಷ್ಟಕ್ಕೆ ಹೋಯಿತು, ಅಲ್ಲಿ ಇಂಥವೇ ಮಾತು. ಒಂದು ಬೆಳಿಗ್ಗೆ ಮೊಬೈಲು ತೆರೆದರೆ ಗುಂಪೇ ಇಲ್ಲ. ನಿಯಮ ಮೀರಿದ್ದರಿಂದ ತೆಗೆಯಲಾಗಿದೆ ಅಂತ ಒಂದೇ ಸಾಲು.

ಯಾವ ನಿಯಮ? ಯಾರು ಬರೆದದ್ದು? ಏನೂ ಹೇಳಲಿಲ್ಲ. ಮೈಲುತುತ್ತದ ಚೀಲದ ಫೋಟೋ ನೋಡಿ ಯಂತ್ರಕ್ಕೆ ವಿಷದ ವ್ಯಾಪಾರ ಅನ್ನಿಸಿತೋ, ಮಂಗ ಓಡಿಸುವ ಕೋವಿಯ ಮಾತು ಬೇರೆಯಾಗಿ ಕೇಳಿಸಿತೋ, ಇವತ್ತಿಗೂ ಗೊತ್ತಿಲ್ಲ. ಮರುಪರಿಶೀಲನೆಗೆ ಒತ್ತು ಅಂದ ಕಡೆ ಒತ್ತಿದೆವು. ಉತ್ತರ ಬರಲಿಲ್ಲ. ಮೂರು ವರ್ಷ ಕೂಡಿಟ್ಟ ಅನುಭವ ಔಷಧಿ ಹೊಡೆಯುವ ಹೊತ್ತಿಗೇ ಹೋಯಿತು.

ಗೋಪಾಳದ ಚಹಾದಂಗಡಿಯಲ್ಲಿ ಇದನ್ನು ಹೇಳಿಕೊಂಡೆ. ಅಲ್ಲಿ ಕೂತಿದ್ದ ಹಿರಿಯರೊಬ್ಬರು ಅಂದರು, "ಅವರ ಜಾಗ, ಅವರು ಬಿಡಿಸಿದರು. ಬಾಡಿಗೆ ಕೊಟ್ಟಿದ್ದಿರಾ? ಕರಾರು ಇತ್ತಾ? ನಿಮಗೇನು ಹಕ್ಕು ಮಾರಾಯ್ರೆ?"

ಆಗ ನನಗೆ ಉತ್ತರ ಹೊಳೆಯಲಿಲ್ಲ. ಈಗ ಕೊಡಲು ನೋಡುತ್ತೇನೆ.

ಕಾಗೋಡಿನ ಪಾಠ

ನಮ್ಮ ಜಿಲ್ಲೆಯ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದು ಎಲ್ಲರಿಗೂ ಗೊತ್ತು. ಎಚ್. ಗಣಪತಿಯಪ್ಪ ಮುಂದಾಳಾದರು, ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಜಗಳ ಹತ್ತಿದ್ದು ಕೊಳಗದ ಮೇಲೆ. ಗೇಣಿ ಭತ್ತ ಅಳೆಯಲು ಒಡೆಯರು ಇಟ್ಟುಕೊಂಡಿದ್ದ ಕೊಳಗ ಸರಿಯಾದ ಅಳತೆಗಿಂತ ದೊಡ್ಡದು.

ಆಗಲೂ ಭೂಮಿ ಒಡೆಯರದ್ದೇ. "ಅವರ ಜಾಗ, ನಿಮಗೇನು ಹಕ್ಕು" ಅಂತ ಆಗಲೂ ಹೇಳುವವರಿದ್ದರು. ಗೇಣಿದಾರ ಮೊದಲು ಕೇಳಿದ್ದು ಜಾಗವನ್ನಲ್ಲ, ನ್ಯಾಯವಾದ ಅಳತೆಯನ್ನು. ಜಾಗ ನಿಮ್ಮದಿರಲಿ, ಅಳೆಯುವ ಕೊಳಗ ಎಲ್ಲರೂ ಒಪ್ಪಿದ್ದಾಗಿರಲಿ ಅಂತ. ನಮ್ಮ ಕಾಲದ ಈ ಜಗಳಕ್ಕೂ ಅದೇ ಸರಿಯಾದ ಪ್ರಶ್ನೆ ಎಂದು ನನಗೆ ತೋರುತ್ತದೆ. ಯಾವ ಮಾತು ಇರಬೇಕು, ಯಾವುದು ಹೋಗಬೇಕು ಎಂದು ಅಳೆಯುವ ಕೊಳಗ ಯಾರ ಕೈಯಲ್ಲಿದೆ? ಅದರ ಅಳತೆ ನಮಗೆ ಕಾಣುತ್ತದೆಯೇ?

ಅಲ್ಲಿ ಆದದ್ದು, ಇಲ್ಲಿ ಆದದ್ದು

2021ರ ಜನವರಿ 6ರಂದು ಅಮೆರಿಕದ ಸಂಸತ್ ಭವನಕ್ಕೆ ಜನ ನುಗ್ಗಿದರು. ಅದಾದ ಕೆಲವೇ ದಿನಗಳಲ್ಲಿ ಪಾರ್ಲರ್ ಎಂಬ ಆ್ಯಪನ್ನು ಗೂಗಲ್ ತನ್ನ ಮಳಿಗೆಯಿಂದ ತೆಗೆಯಿತು, ಆ್ಯಪಲ್ ತೆಗೆಯಿತು, ಅಮೆಜಾನ್ ತನ್ನ ಕಂಪ್ಯೂಟರುಗಳಲ್ಲಿ ಕೊಟ್ಟಿದ್ದ ಜಾಗ ಬಿಡಿಸಿತು. ಹಿಂಸೆಗೆ ಕರೆ ಕೊಡುವ ಬರಹಗಳನ್ನು ಅದು ತಡೆಯುತ್ತಿಲ್ಲ ಎಂಬುದು ಕೊಟ್ಟ ಕಾರಣ. ಕಾರಣ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಮೂರು ಕಂಪನಿ ಮನಸ್ಸು ಮಾಡಿದರೆ ಒಂದು ಇಡೀ ಸಂತೆಯೇ ಎದ್ದು ಹೋಗುತ್ತದೆ ಎಂಬುದು ಜಗತ್ತಿಗೆ ಅಂದು ಕಂಡಿತು. ಅದೇ ಹೊತ್ತಿಗೆ ಟ್ರಂಪ್ ಅವರ ಟ್ವಿಟರ್ ಖಾತೆಯನ್ನೂ ಮುಚ್ಚಿದರು. ಟ್ರಂಪ್ ಜೊತೆ ಎಂದೂ ಸರಿಹೋಗದ ಜರ್ಮನಿಯ ಮರ್ಕೆಲ್ ಅವರೇ ತಮ್ಮ ವಕ್ತಾರರ ಮೂಲಕ ಆಕ್ಷೇಪ ಎತ್ತಿದರು. ಮಾತಿಗೆ ಮಿತಿ ಹಾಕುವುದಾದರೆ ಶಾಸನಸಭೆ ಹಾಕಲಿ, ಕಂಪನಿಯ ಆಡಳಿತವಲ್ಲ ಎಂಬುದು ಅವರ ವಾದ. ಪಾರ್ಲರ್‌ಗೆ ಆ್ಯಪಲ್ ಅದೇ ವರ್ಷ, ಗೂಗಲ್ 2022ರಲ್ಲಿ ಮತ್ತೆ ಬಾಗಿಲು ತೆರೆದವು.

ಅಮೆರಿಕದ ಜಗಳ ನಮಗೇಕೆ ಎನ್ನುವ ಹಾಗಿಲ್ಲ. ಒಂದು ತಿಂಗಳೊಳಗೆ ಅದು ನಮ್ಮ ಅಂಗಳಕ್ಕೇ ಬಂತು, ಅದೂ ರೈತರ ಹೆಸರಿನಲ್ಲಿ. ದೆಹಲಿಯ ಗಡಿಯಲ್ಲಿ ಮೂರು ಕೃಷಿ ಕಾಯ್ದೆಗಳ ವಿರುದ್ಧ ರೈತರು ಕೂತಿದ್ದ ಕಾಲ. 2021ರ ಫೆಬ್ರವರಿ 1ರಂದು ಟ್ವಿಟರಿನಲ್ಲಿ ಕಿಸಾನ್ ಏಕತಾ ಮೋರ್ಚಾದ ಖಾತೆ, ಕ್ಯಾರವಾನ್ ಪತ್ರಿಕೆಯ ಖಾತೆ ಸೇರಿ ಇನ್ನೂರೈವತ್ತರಷ್ಟನ್ನು ಭಾರತದಲ್ಲಿ ಕಾಣದಂತೆ ಮಾಡಿದರು. ಕೇಂದ್ರ ಸರ್ಕಾರದ ಆದೇಶ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನ ಪ್ರಕಾರ. ಕೆಲವು ಗಂಟೆಗಳಲ್ಲಿ ಕಂಪನಿ ಮತ್ತೆ ತೆರೆಯಿತು. ಸರ್ಕಾರ ಗದರಿಸಿ ಇನ್ನೂ ದೊಡ್ಡ ಪಟ್ಟಿ ಕೊಟ್ಟಿತು. ಕೊನೆಗೆ ಕಂಪನಿ ಐನೂರಕ್ಕೂ ಹೆಚ್ಚು ಖಾತೆ ಮುಚ್ಚಿ, ಪತ್ರಕರ್ತರ ಮತ್ತು ರಾಜಕಾರಣಿಗಳ ಖಾತೆ ಮುಟ್ಟುವುದಿಲ್ಲ ಎಂದಿತು.

ಪಟ್ಟಿಯಲ್ಲಿದ್ದವೆಲ್ಲ ಸಾಚಾ ರೈತರ ಮಾತೇ ಆಗಿದ್ದವು ಅಂತ ನನ್ನ ವಾದವಲ್ಲ. ನರಮೇಧಕ್ಕೆ ಸಂಚು ನಡೆಯುತ್ತಿದೆ ಎಂಬ ಸುಳ್ಳು ಹಣೆಪಟ್ಟಿಯೂ ಅದರಲ್ಲಿತ್ತು. ಆದರೆ ಕಳೆಯ ಜೊತೆ ಪೈರನ್ನೂ ಕಿತ್ತರೋ ಇಲ್ಲವೋ ಎಂದು ನೋಡುವುದಕ್ಕಾದರೂ ಕಿತ್ತದ್ದು ಏನೆಂದು ಗೊತ್ತಾಗಬೇಕಲ್ಲ? ಇಂಥ ಆದೇಶಗಳನ್ನು ಗುಟ್ಟಾಗಿಡಬೇಕೆಂದು 2009ರ ನಿಯಮವೇ ಹೇಳುತ್ತದೆ.

ಒಂದೇ ಮಾತು, ಎರಡು ನ್ಯಾಯ

ಅದೇ ವರ್ಷ ಮಾರ್ಚ್ 20ರಂದು ನಮ್ಮ ಶಿವಮೊಗ್ಗದಲ್ಲಿ ರೈತ ಮಹಾಪಂಚಾಯತ್ ನಡೆಯಿತು. ರಾಕೇಶ್ ಟಿಕಾಯತ್ ಬಂದು, ಬೆಂಗಳೂರಿಗೂ ಟ್ರ್ಯಾಕ್ಟರ್ ತಂದು ಮುತ್ತಿಗೆ ಹಾಕಿ ಎಂದರು. ಅದು ಪ್ರಚೋದನೆ ಅಂತ ಪೊಲೀಸರು ಅವರ ಮೇಲೆ ಮೊಕದ್ದಮೆ ದಾಖಲು ಮಾಡಿದರು. ಮೊಕದ್ದಮೆ ಸರಿಯೋ ತಪ್ಪೋ ಬೇರೆ ಮಾತು. ಆದರೆ ಎಲ್ಲವೂ ಹಗಲಲ್ಲಿ ಆಯಿತು. ಯಾವ ಮಾತು, ಯಾವ ಕಲಮು ಎಂಬುದು ಪೇಪರಿನಲ್ಲಿ ಬಂತು. ವಕೀಲರನ್ನಿಟ್ಟು ವಾದ ಮಾಡಲು ದಾರಿ ಇತ್ತು. ಸಭೆಯಲ್ಲಿದ್ದ ನಮ್ಮಂಥವರಿಗೆ ಭಾಷಣ ಕೇಳಿ ನಾವೇ ತೂಗಿ ನೋಡುವ ಅವಕಾಶವೂ ಇತ್ತು.

ಮೈದಾನದಲ್ಲಿ ಆಡಿದ ಮಾತಿಗೆ ಈ ನ್ಯಾಯ. ಮೊಬೈಲಿನಲ್ಲಿ ಆಡಿದ ಮಾತಿಗೆ? ಒಂದು ಬೆಳಿಗ್ಗೆ ಅದು ಇಲ್ಲ, ಅಷ್ಟೇ.

ಈ ವ್ಯಾಜ್ಯ ಬಂದು ನಿಂತದ್ದೂ ನಮ್ಮ ರಾಜ್ಯದ ಹೈಕೋರ್ಟಿನಲ್ಲೇ. 2022ರ ಜುಲೈಯಲ್ಲಿ ಟ್ವಿಟರ್ ಕಂಪನಿ 69ಎ ಆದೇಶಗಳನ್ನು ಅಲ್ಲಿ ಪ್ರಶ್ನಿಸಿತು. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅರ್ಜಿ ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ಹಾಕಿದರು. ಕಂಪನಿ ಮೇಲ್ಮನವಿ ಹೋಯಿತು. ಅಷ್ಟರಲ್ಲಿ ಹೆಸರು ಎಕ್ಸ್ ಅಂತ ಬದಲಾಗಿತ್ತು. ಆಮೇಲೆ ಅಧಿಕಾರಿಗಳು ನೇರವಾಗಿ ಕಂಪನಿಗೆ ತೆಗೆಯಲು ಹೇಳುವ ಸಹಯೋಗ್ ಎಂಬ ಸರ್ಕಾರಿ ವ್ಯವಸ್ಥೆಯನ್ನೂ ಪ್ರಶ್ನಿಸಿತು. ಅದನ್ನು 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ವಜಾ ಮಾಡಿದರು. ವಾಕ್ ಸ್ವಾತಂತ್ರ್ಯ ಕೊಡುವ ಸಂವಿಧಾನದ 19ನೇ ವಿಧಿ ಈ ದೇಶದ ಪ್ರಜೆಗೆ ಇರುವುದು, ಪರದೇಶದ ಕಂಪನಿಗಲ್ಲ ಎಂಬುದು ಈ ತೀರ್ಪುಗಳಲ್ಲಿ ಬಂದ ಒಂದು ಮುಖ್ಯ ಮಾತು.

ಒಪ್ಪತಕ್ಕ ಮಾತೇ. ಹಕ್ಕು ಪ್ರಜೆಯದ್ದು. ಹಾಗಾದರೆ ಆದೇಶದ ಪ್ರತಿ ಪ್ರಜೆಗೆ ಬರಬೇಕಲ್ಲ? ನೋಟೀಸನ್ನು ಬರೆದ ವ್ಯಕ್ತಿಗೆ "ಅಥವಾ" ಮಧ್ಯವರ್ತಿ ಕಂಪನಿಗೆ ಕೊಡಬಹುದು ಅಂತ ನಿಯಮ ಇದೆ. ಸಾಮಾನ್ಯವಾಗಿ ಕಂಪನಿಗೆ ಹೋಗುತ್ತದೆ. ಅಂದರೆ ನೋಟೀಸು ಸಿಗುವವನಿಗೆ ಹಕ್ಕಿಲ್ಲ, ಹಕ್ಕಿರುವವನಿಗೆ ನೋಟೀಸಿಲ್ಲ. ಖಾತೆ ನನ್ನ ಹೆಸರಲ್ಲಿದ್ದು, ಪಹಣಿ ಬದಲಾವಣೆಯ ತಿಳುವಳಿಕೆ ಪತ್ರ ದಲ್ಲಾಳಿಗೆ ಹೋದ ಹಾಗಾಯಿತು.

ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಲ್ ಪ್ರಕರಣದಲ್ಲಿ 66ಎ ಕಲಮನ್ನು ರದ್ದು ಮಾಡಿತು, 69ಎ ಉಳಿಸಿತು. ಆದರೆ ಉಳಿಸುವಾಗ, ಬರೆದವನು ಯಾರೆಂದು ಗೊತ್ತಿದ್ದರೆ ಅವನ ಮಾತನ್ನೂ ಕೇಳಬೇಕು, ಕಾರಣ ಬರವಣಿಗೆಯಲ್ಲಿ ಇರಬೇಕು ಎಂದೂ ಹೇಳಿತ್ತು. ಆ ಮಾತು ಪೂರ್ತಿ ನಡೆದರೆ ನನ್ನ ಅರ್ಧ ತಕರಾರು ಅಲ್ಲಿಗೇ ಮುಗಿಯುತ್ತದೆ.

ತೆಗೆಯಲೇಬಾರದೇ?

ಇಷ್ಟು ಓದಿ, ಇವನು ಏನು ಬೇಕಾದರೂ ಬರೆಯಬಹುದು ಅನ್ನುವವನು ಅಂತ ತಿಳಿಯಬೇಡಿ. ಶಿವಮೊಗ್ಗದಲ್ಲಿ ಬದುಕುವವರು ಯಾರೂ ಹಾಗೆ ಹೇಳಲಾರರು. 2022ರ ಫೆಬ್ರವರಿಯಲ್ಲಿ ಒಂದು ಕೊಲೆಯ ನಂತರ ಊರಿಗೆ ಕರ್ಫ್ಯೂ ಬಿತ್ತು. 2023ರ ಅಕ್ಟೋಬರಿನಲ್ಲಿ ರಾಗಿಗುಡ್ಡದಲ್ಲಿ ಕಲ್ಲು ತೂರಾಟವಾಗಿ ನಿಷೇಧಾಜ್ಞೆ ಬಂತು. ಅಂಥ ದಿನಗಳಲ್ಲಿ ಯಾವುದೋ ಊರಿನ ಹಳೇ ವಿಡಿಯೋ ಇಲ್ಲಿಯದ್ದು ಅಂತ ಹರಿದಾಡುವುದನ್ನು ನಾವೇ ನೋಡಿದ್ದೇವೆ. ಅಂಗಡಿ ಮುಚ್ಚಿದರೆ ಮೊದಲು ಕೆಡುವುದು ರೈತನ ಸೊಪ್ಪು, ತರಕಾರಿ, ಹಾಲು. ಬೆಂಕಿ ಹಚ್ಚುವ ಸುಳ್ಳನ್ನು ಆ ಗಳಿಗೆಯಲ್ಲೇ ತಡೆಯಬೇಕು. ನೋಟೀಸು ಕೊಟ್ಟು ಹದಿನೈದು ದಿನ ಕಾಯಲು ಆಗದು.

ಆದರೆ ತುರ್ತಿನ ಹೆಸರಿನಲ್ಲಿ ತಡೆದದ್ದನ್ನು ತುರ್ತು ಮುಗಿದ ಮೇಲಾದರೂ ಲೆಕ್ಕ ಕೊಡಬೇಕು. ಕಾಲುವೆ ಒಡೆದಾಗ ತೂಬು ಮುಚ್ಚಲು ಯಾರ ಒಪ್ಪಿಗೆಯೂ ಬೇಡ. ರಿಪೇರಿ ಆದ ಮೇಲೆ ತೂಬು ಯಾಕೆ ತೆರೆಯಲಿಲ್ಲ ಅಂತ ಕೇಳುವ ಹಕ್ಕು ಕೊನೇ ಗದ್ದೆಯವನಿಗೆ ಬೇಕು.

ಇನ್ನೊಂದು ಸಂಗತಿ. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ಸೇರಿ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತು. ದೇಶದ ಭದ್ರತೆಯ ಕಾರಣ, ನಾನು ತಕರಾರು ಎತ್ತುವುದಿಲ್ಲ. ಆದರೆ ಅದರಲ್ಲಿ ಹಳ್ಳಿ ಹುಡುಗರು ಮಾಡಿದ್ದ ಎಷ್ಟೋ ವಿಡಿಯೋಗಳೂ ಹೋದವು. ಆಗ ಪರದೇಶದ್ದು ಬೇಡ, ನಮ್ಮದೇ ಇರಲಿ ಎಂದರು. ಬೆಂಗಳೂರಿನ ಅಪ್ರಮೇಯ ರಾಧಾಕೃಷ್ಣ ಮತ್ತು ಸಂಗಡಿಗರ ಕೂ ಆ್ಯಪ್ ಇತ್ತು. 2020ರಲ್ಲಿ ಅದು ಮೊದಲು ಬಂದದ್ದು ಕನ್ನಡದಲ್ಲೇ. ಟ್ವಿಟರ್ ಜೊತೆ ಜಟಾಪಟಿ ನಡೆದಾಗ ಮಂತ್ರಿಗಳೂ ಅದಕ್ಕೆ ಸೇರಿದರು. 2024ರ ಜುಲೈಯಲ್ಲಿ ಹಣ ಸಾಲದೆ ಮುಚ್ಚಿತು. ಸರ್ಕಾರ ಮುಚ್ಚಿಸಿದರೂ, ಕಂಪನಿ ತೆಗೆದರೂ, ದಿವಾಳಿಯಾದರೂ ನಮಗೆ ಫಲ ಒಂದೇ, ನಾವು ಕೂಡಿಟ್ಟದ್ದು ಹೋಗುತ್ತದೆ. ಕಣ ನಮ್ಮದಲ್ಲದಿದ್ದರೆ ರಾಶಿಯನ್ನು ರಾತ್ರಿ ಅಲ್ಲೇ ಬಿಟ್ಟು ಬರಬಾರದು.

ಕೇಳಬೇಕಾದ್ದು, ಮಾಡಬೇಕಾದ್ದು

ಆ ಹಿರಿಯರ ಪ್ರಶ್ನೆಗೆ ಈಗ ಉತ್ತರ ಹೇಳುತ್ತೇನೆ. ಜಾಗ ಅವರದ್ದು, ಒಪ್ಪಿದೆ. ಬೀದಿಯಲ್ಲಿ ಹತ್ತು ಅಂಗಡಿ ಇದ್ದರೆ, ಒಬ್ಬ ಹೊರಗೆ ಹಾಕಿದ ಅಂತ ನಾನು ದೂರುವುದಿಲ್ಲ, ಪಕ್ಕದವನ ಹತ್ತಿರ ಹೋಗುತ್ತೇನೆ. ಆದರೆ ಮೊಬೈಲಿಗೆ ಆ್ಯಪ್ ಬರುವ ದೊಡ್ಡ ಬಾಗಿಲು ಇರುವುದು ಎರಡೇ, ಗೂಗಲಿನದ್ದು ಮತ್ತು ಆ್ಯಪಲಿನದ್ದು. ಊರಿಗೆ ಒಂದೇ ಮಾರುಕಟ್ಟೆ ಅಂಗಳ ಇದ್ದಾಗ ಅಲ್ಲಿ ತೂಕ, ಚೀಟಿ, ದೂರು ಎಲ್ಲಕ್ಕೂ ಕಾನೂನು ತಂದೆವು. ಅಡಿಕೆ ಮೂಟೆ ತಿರಸ್ಕರಿಸಿದರೆ ಯಾಕೆ ಅಂತ ಕೇಳುತ್ತೇವೆ. ಮಾತಿಗೂ ಅದೇ ನ್ಯಾಯ ಬೇಕು.

ನಾನು ಕೇಳುವುದು ನಾಲ್ಕೇ. ತೆಗೆದರೆ ಯಾವ ಬರಹ, ಯಾವ ನಿಯಮ ಅಂತ ಕನ್ನಡದಲ್ಲಿ ಹೇಳಲಿ. ತೆಗೆಸಿದ್ದು ಕಂಪನಿಯೋ ಸರ್ಕಾರವೋ ಹೇಳಲಿ. ಒಂದು ಬರಹ ತಪ್ಪಾದರೆ ಅದನ್ನು ತೆಗೆಯಲಿ, ನಾನ್ನೂರು ಜನರ ಗುಂಪನ್ನಲ್ಲ. ದೂರು ಕೇಳಲು ಯಂತ್ರದ ಬದಲು ಮನುಷ್ಯ ಇರಲಿ, ಉತ್ತರಕ್ಕೆ ಗಡುವು ಇರಲಿ.

ಕೊನೆಯದಕ್ಕೆ ಸ್ವಲ್ಪ ದಾರಿ ಆಗಿದೆ. 2021ರ ನಿಯಮಗಳು ಪ್ರತಿ ಜಾಲತಾಣಕ್ಕೂ ದೂರು ಅಧಿಕಾರಿ ಇರಬೇಕು ಎಂದವು. ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಹೋಗಲು ಕೇಂದ್ರ ಸರ್ಕಾರದ ಮೇಲ್ಮನವಿ ಸಮಿತಿಗಳು 2023ರಲ್ಲಿ ಕೆಲಸ ಶುರು ಮಾಡಿದವು. ಆ ಸಮಿತಿ ನೇಮಿಸುವುದು ಸರ್ಕಾರವೇ, ಆದ್ದರಿಂದ ಸರ್ಕಾರದ ವಿರುದ್ಧದ ದೂರಿಗೆ ಅದು ಎಷ್ಟು ನೆರವಾದೀತು ಎಂಬ ಸಂಶಯ ನನಗಿದೆ. ಆದರೂ ಕಂಪನಿಯ ತಪ್ಪಿಗೆ ಬಳಸಬಹುದು. ನಮಗೆ ಈ ದಾರಿ ತಿಳಿದದ್ದು ತಡವಾಗಿ, ಅವಧಿ ಮೀರಿತ್ತು. ನಿಮಗೆ ಹಾಗಾಗದಿರಲಿ ಅಂತ ಬರೆದೆ.

ನಾವು ಈಗ ಮೂರು ಕೆಲಸ ಮಾಡಿದ್ದೇವೆ. ಗುಂಪಿನವರ ಹೆಸರು, ಫೋನ್ ನಂಬರು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದೇವೆ. ತಿಂಗಳಿಗೊಮ್ಮೆ ಉಪಯುಕ್ತ ಮಾತುಗಳನ್ನು ಕಾಗದಕ್ಕೆ ಇಳಿಸುತ್ತೇವೆ. ರೋಗದ ಸುದ್ದಿ ಬಂದರೆ ಸೊಸೈಟಿಯ ಬೋರ್ಡಿಗೂ ಒಂದು ಪ್ರತಿ ಅಂಟಿಸುತ್ತೇವೆ. ಹೊಸ ಗುಂಪೂ ಶುರುವಾಗಿದೆ, ಆದರೆ ಅದನ್ನೇ ನಂಬಿ ಕೂತಿಲ್ಲ.

ಹೋದದ್ದರಲ್ಲಿ ಒಬ್ಬ ಹಿರಿಯ ಬೆಳೆಗಾರರು ಬರೆದಿದ್ದ ಕೊಳೆರೋಗದ ಹತ್ತು ವರ್ಷದ ಟಿಪ್ಪಣಿ ಇತ್ತು. ಯಾವ ಮಳೆಯಲ್ಲಿ ಹೊಡೆದರು, ಎಷ್ಟು ಉದುರಿತು ಎಲ್ಲ ಇತ್ತು. ಅವರು ಈಗ ಇಲ್ಲ. ಮನೆಯವರ ಹತ್ತಿರ ಕೇಳಿದೆ, ಮೂಲ ಪುಸ್ತಕ ಗೆದ್ದಲು ಹಿಡಿದು ಹೋಗಿದೆಯಂತೆ. ಅದನ್ನು ಯಾರಾದರೂ ಬರೆದುಕೊಂಡಿದ್ದರೆ ಪತ್ರಿಕೆಗೆ ಕಳಿಸಿಕೊಡಿ.