ಬಿರುಸು ನಡಿಗೆಗೆ ನಾಚಿಕೆಯೇಕೆ?



ನನ್ನ ಹಳೆಯ ವಿದ್ಯಾರ್ಥಿಗಳು ದೂರವಾಣಿ ಮಾಡಿದಾಗ ಮಕ್ಕಳ ಓದು, ಮಳೆ, ತೊಗರಿಯ ಧಾರಣೆ ಇವೆಲ್ಲ ಮುಗಿದ ಮೇಲೆ ಇತ್ತೀಚೆಗೆ ಮಾತು ಒಂದೇ ಕಡೆಗೆ ಬಂದು ನಿಲ್ಲುತ್ತದೆ. "ದಿನಾ ವಾಕಿಂಗ್ ಮಾಡ್ಲಿಕತ್ತೀನ್ರಿ ಸರ್, ಹೊಟ್ಟಿ ಮಾತ್ರ ಕರಗವಲ್ದು." ಹತ್ತನೆಯ ತರಗತಿಯಲ್ಲಿ ಜೋಳದ ದಂಟಿನಂತಿದ್ದ ಹುಡುಗರು ಇವರು. ಈಗ ನಲವತ್ತೈದು ದಾಟಿದ್ದಾರೆ. ಕೆಲವರಿಗೆ ಸಕ್ಕರೆ ಕಾಯಿಲೆ, ಕೆಲವರಿಗೆ ರಕ್ತದೊತ್ತಡ. ಇಬ್ಬರ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. ತಮ್ಮ ಗುರುಗಳಿಗಿಂತ ಮೊದಲು ಶಿಷ್ಯರು ಹೃದ್ರೋಗಿಗಳಾಗುವುದು ಯಾವ ಗುರುವಿಗೂ ಸಂತೋಷದ ಸಂಗತಿಯಲ್ಲ. ಆದುದರಿಂದ ಈ ವಿಷಯವಾಗಿ ನನ್ನ ಅಭಿಪ್ರಾಯವನ್ನು ಒಮ್ಮೆ ವಿವರವಾಗಿ ಬರೆದುಬಿಡುತ್ತೇನೆ. ನಾನು ವಿಜ್ಞಾನ ಪಾಠ ಮಾಡಿದವನೇ ಹೊರತು ವೈದ್ಯನಲ್ಲ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಓದಿರಿ.

ಕಲಬುರಗಿಗೆ ಹೋದಾಗಲೆಲ್ಲ ಬೆಳಗಿನ ಹೊತ್ತು ಸಾರ್ವಜನಿಕ ಉದ್ಯಾನದಲ್ಲಿಯೋ ಅಪ್ಪನ ಕೆರೆಯ ದಂಡೆಯಲ್ಲಿಯೋ ನಡೆದಾಡುವುದು ನನ್ನ ರೂಢಿ. ಅಲ್ಲಿ ನಡೆಯುವವರನ್ನು ಗಮನಿಸುವುದೂ ನನಗೊಂದು ಪಾಠವೇ. ನಾಲ್ವರು ಸಾಲಾಗಿ ಹೊರಡುತ್ತಾರೆ. ರಾಜಕೀಯ ಆರಂಭವಾಗುತ್ತದೆ. ಮಾತು ಬಿಸಿಯೇರಿದಂತೆ ನಡಿಗೆ ನಿಧಾನವಾಗುತ್ತದೆ, ಮುಖ್ಯವಾದ ಅಂಶ ಬಂದಾಗ ಎಲ್ಲರೂ ನಿಂತೇಬಿಡುತ್ತಾರೆ. ಅರ್ಧ ಗಂಟೆಯ ಬಳಿಕ ಹೊರಗೆ ಬಂದು ಸಕ್ಕರೆ ಹೆಚ್ಚಾಗಿ ಹಾಕಿದ ಚಹಾ, ಮನಸ್ಸಾದರೆ ಎರಡು ಮಿರ್ಚಿ ಭಜಿ. ಇದು ವಾಯುವಿಹಾರ. ಮನಸ್ಸಿಗೆ ಹಿತ, ಸ್ನೇಹಕ್ಕೂ ಹಿತ. ಆದರೆ ಬೊಜ್ಜು ಕರಗಿಸುವ ವ್ಯಾಯಾಮ ಎಂದು ಇದನ್ನು ಲೆಕ್ಕಕ್ಕೆ ಹಿಡಿಯಲಾಗದು.

ಲೆಕ್ಕ ಹೀಗಿದೆ. ಮೈಯಲ್ಲಿರುವ ಒಂದು ಕಿಲೋ ಬೊಜ್ಜಿನಲ್ಲಿ ಸುಮಾರು 7700 ಕ್ಯಾಲರಿ ಶಕ್ತಿ ಅಡಗಿದೆ. ಎಪ್ಪತ್ತು ಕಿಲೋ ತೂಗುವವನು ಮೇಲೆ ಹೇಳಿದಂತೆ ಅರ್ಧ ಗಂಟೆ ಅಡ್ಡಾಡಿದರೆ, ಸುಮ್ಮನೆ ಕುಳಿತಿದ್ದರೆ ಆಗುತ್ತಿದ್ದ ಖರ್ಚಿಗಿಂತ ಹೆಚ್ಚಿಗೆ ವ್ಯಯವಾಗುವುದು ಐವತ್ತರ ಆಸುಪಾಸು ಕ್ಯಾಲರಿ. ಒಂದು ಕಪ್ಪು ಸಿಹಿ ಚಹಾ ಅದನ್ನು ಪೂರ್ತಿ ನುಂಗುತ್ತದೆ. ಅದೇ ಮನುಷ್ಯ ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ಒಂದು ಗಂಟೆ ನಿಲ್ಲದೆ ನಡೆದರೆ ಹೆಚ್ಚುವರಿ ಖರ್ಚು ಸುಮಾರು 175 ಕ್ಯಾಲರಿ. ಊಟದಲ್ಲಿ ಏನನ್ನೂ ಹೆಚ್ಚಿಸದೆ ಇದ್ದರೆ ಒಂದು ಕಿಲೋ ಕರಗಲು ಆರೇಳು ವಾರ ಬೇಕು. ಗಣಿತ ನಿಷ್ಠುರವಾದದ್ದು, ಹಾಗೆಂದು ನಿರಾಶಾದಾಯಕವೇನಲ್ಲ. ವರ್ಷಕ್ಕೆ ಏಳೆಂಟು ಕಿಲೋ ಇಳಿದರೆ ಯಾರಿಗೆ ಬೇಡ? ದೇಹ ಹಗುರಾದಂತೆ ಖರ್ಚೂ ಕಡಿಮೆಯಾಗುವುದರಿಂದ ನಿಜದಲ್ಲಿ ಅಷ್ಟು ಇಳಿಯುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ಕರಗಿದ ಬೊಜ್ಜು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಬಹುತೇಕ ಎಲ್ಲರೂ "ಬೆವರಿನಲ್ಲಿ" ಎನ್ನುತ್ತಾರೆ. ಕೆಲವರು ಅದನ್ನು ನಂಬಿ ಕಲಬುರಗಿಯ ಬಿಸಿಲಿನಲ್ಲಿಯೂ ಪ್ಲಾಸ್ಟಿಕ್ ಅಂಗಿ ತೊಟ್ಟು ಓಡುವುದುಂಟು. 2014ರಲ್ಲಿ ಆಸ್ಟ್ರೇಲಿಯದ ರೂಬೆನ್ ಮೀರ್‌ಮನ್ ಮತ್ತು ಆಂಡ್ರ್ಯೂ ಬ್ರೌನ್ ಎಂಬುವರು ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಇದರ ಲೆಕ್ಕ ಕೊಟ್ಟರು. ಹತ್ತು ಕಿಲೋ ಕೊಬ್ಬು ಪೂರ್ತಿಯಾಗಿ ಉರಿದರೆ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೊರಹೋಗುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ. ಬೆವರಿನಲ್ಲಿ ಇಳಿದ ತೂಕ ಎರಡು ಲೋಟ ನೀರು ಕುಡಿದೊಡನೆ ಮರಳಿ ಬರುತ್ತದೆ. ಉಸಿರಿನಲ್ಲಿ ಹೋದದ್ದು ಮಾತ್ರ ನಿಜವಾಗಿ ಹೋದದ್ದು. ಬರಿದೇ ಜೋರಾಗಿ ಉಸಿರಾಡಿದರೆ ಸಾಲದೆಂಬುದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಸ್ನಾಯುಗಳು ದುಡಿದು ಆಮ್ಲಜನಕವನ್ನು ಕೇಳಬೇಕು. ಹೃದಯ ಅದನ್ನು ಬೇಗಬೇಗನೆ ಒಯ್ದು ಮುಟ್ಟಿಸಬೇಕು. ಕಾರ್ಡಿಯೋ ಎಂದು ಈಗ ಎಲ್ಲರೂ ಕರೆಯುವ ವ್ಯಾಯಾಮದ ತಿರುಳು ಇಷ್ಟೇ.

ಇದು ಜಿಮ್ಮಿನವರು ಹುಟ್ಟಿಸಿದ ಹೊಸ ವಿಚಾರವಲ್ಲ. 1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಬಸ್ ನೌಕರರನ್ನು ಅಧ್ಯಯನ ಮಾಡಿದರು. ಅಲ್ಲಿಯದು ಎರಡಂತಸ್ತಿನ ಬಸ್ಸು. ಚಾಲಕ ದಿನವಿಡೀ ಕುಳಿತಿರುತ್ತಾನೆ, ನಿರ್ವಾಹಕ ಟಿಕೆಟಿಗಾಗಿ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಹೃದಯಾಘಾತ ಚಾಲಕರಲ್ಲಿಯೇ ಹೆಚ್ಚು ಕಂಡುಬಂತು. ಮೂರು ವರ್ಷಗಳ ನಂತರ ಅದೇ ತಂಡ ಸಂಸ್ಥೆಯು ಹೊಲಿಸಿಕೊಟ್ಟ ಸಮವಸ್ತ್ರಗಳ ಅಳತೆಗಳನ್ನು ತೆಗೆದು ನೋಡಿತು. ಚಾಲಕರ ಪ್ಯಾಂಟುಗಳ ಸೊಂಟ ನಿರ್ವಾಹಕರದಕ್ಕಿಂತ ದೊಡ್ಡದಾಗಿತ್ತು. ದರ್ಜಿಯ ಪುಸ್ತಕವೂ ವಿಜ್ಞಾನಕ್ಕೆ ಸಾಕ್ಷಿ ಹೇಳಬಲ್ಲದು ಎಂದು ಓದಿದಾಗ ನನಗೆ ಬಹಳ ಹಿಗ್ಗಾಯಿತು.

ಹಾಗಾದರೆ ನಾವು ಏಕೆ ವೇಗವಾಗಿ ನಡೆಯುವುದಿಲ್ಲ? ಸಮಯವಿಲ್ಲ ಎಂಬ ಉತ್ತರವನ್ನು ನಾನು ಒಪ್ಪುವುದಿಲ್ಲ. ನಿಧಾನವಾಗಿ ನಡೆಯುವುದಕ್ಕೆ ಸಿಗುವ ಸಮಯ ವೇಗವಾಗಿ ನಡೆಯುವುದಕ್ಕೆ ಏಕೆ ಸಿಗದು? ನನ್ನ ಅಭಿಪ್ರಾಯದಲ್ಲಿ ನಿಜವಾದ ಕಾರಣ ನಾಚಿಕೆ. ನಮ್ಮ ಕಮಲಾಪುರದಂಥ ಊರಿನಲ್ಲಿ ದೊಡ್ಡ ಮನುಷ್ಯನೆಂದರೆ ನಿಧಾನವಾಗಿ ನಡೆಯುವವನು. ಅವಸರ ಪಡುವುದು ಆಳುಮಗನ ಲಕ್ಷಣ, ಹೊಟ್ಟೆ ಮುಂದೆ ಬಂದಿರುವುದು ಉಂಡುಟ್ಟು ಸುಖವಾಗಿರುವವನ ಲಕ್ಷಣ ಎಂಬ ಭಾವನೆ ತಲೆತಲಾಂತರದಿಂದ ಬಂದದ್ದು. ನಾನು ನಿವೃತ್ತಿಯ ನಂತರ ಬಿರುಸಾಗಿ ನಡೆಯಲಾರಂಭಿಸಿದಾಗ ಎದುರಾದ ಪ್ರತಿಯೊಬ್ಬರೂ ನಿಲ್ಲಿಸಿ, "ಯಾಕ್ರೀ ಸರ್, ಏನಾಯ್ತ್ರೀ? ಬಸ್ ತಪ್ಪಿತೇನ್ರೀ?" ಎಂದು ಕೇಳುತ್ತಿದ್ದರು. ನಿಂತು ಉತ್ತರ ಕೊಟ್ಟರೆ ಏರಿದ ನಾಡಿ ಇಳಿಯುತ್ತದೆ, ನಿಲ್ಲದೆ ಹೋದರೆ ಸೊಕ್ಕಿನವನೆಂಬ ಹೆಸರು ಬರುತ್ತದೆ. ಕೈ ಮುಗಿಯುತ್ತಲೇ ನಡೆಯುವ ಅಭ್ಯಾಸ ಮಾಡಿಕೊಂಡೆ. ಮೂರು ತಿಂಗಳಲ್ಲಿ ಊರಿಗೂ ರೂಢಿಯಾಯಿತು.

ಗಂಡಸಾದ ನನ್ನ ಪಾಡು ಇಷ್ಟಾದರೆ ಹೆಣ್ಣುಮಕ್ಕಳ ಪಾಡು ಹೇಗಿರಬೇಡ! ನಮ್ಮ ಮನೆಯವರು ಒಂದು ದಿನ ಬೆಳಿಗ್ಗೆ ಬೂಟು ಹಾಕಿಕೊಂಡು ಕೈಬೀಸಿ ನಡೆದುದಕ್ಕೆ, ದವಾಖಾನೆಯಲ್ಲಿ ಯಾರನ್ನು ಸೇರಿಸಿದ್ದೀರಿ ಎಂದು ಓಣಿಯ ಇಬ್ಬರು ವಿಚಾರಿಸಿದರು. ಸೊಸೆಯಾಗಿ ಬಂದವಳು ಹಾಗೆ ನಡೆದರೆ ಮಾತು ವಿಚಾರಣೆಗೇ ನಿಲ್ಲುವುದಿಲ್ಲ. "ಮನೆಗೆಲಸವೇ ವ್ಯಾಯಾಮವಲ್ಲವೇ" ಎಂದು ಅವಳಿಗೆ ಬುದ್ಧಿ ಹೇಳುವವರೂ ಇದ್ದಾರೆ. ರೊಟ್ಟಿ ಬಡಿಯುವುದು, ನೆಲ ಒರೆಸುವುದು ದಣಿಸುವ ಕೆಲಸಗಳೇ, ಸಂದೇಹವಿಲ್ಲ. ಆದರೆ ಬೀಸುವ ಕಲ್ಲು ಹೋಗಿ ಗಿರಣಿ ಬಂದಿದೆ, ಬಾವಿ ಹೋಗಿ ನಳ ಬಂದಿದೆ. ಬಿಡಿಬಿಡಿಯಾಗಿ ಮಾಡುವ ಈಗಿನ ಮನೆಗೆಲಸದಲ್ಲಿ ಹೃದಯ ಬಡಿತ ಏರಿ ಅರ್ಧ ಗಂಟೆ ಏರಿದಲ್ಲಿಯೇ ನಿಲ್ಲುವುದು ಅಪರೂಪ. ತೊಗರಿ ಹೊಲದಲ್ಲಿ ಹಗಲೆಲ್ಲ ಕಳೆ ತೆಗೆಯುವ ತಾಯಿಗೆ ನನ್ನ ಈ ಉಪದೇಶ ಬೇಕಿಲ್ಲ. ಅವಳಿಗೆ ಬೇಕಾದದ್ದು ವಿಶ್ರಾಂತಿ ಮತ್ತು ಹೊಟ್ಟೆ ತುಂಬ ಊಟ. ನಾನು ಬರೆಯುತ್ತಿರುವುದು ಕುರ್ಚಿಯಲ್ಲಿ ಕುಳಿತು ಸಂಬಳ ಪಡೆಯುವ ನಮ್ಮಂಥವರಿಗೆ, ನಮ್ಮ ಮನೆಗಳ ಹೆಂಗಸರಿಗೆ.

ವೇಗ ಸಾಕಷ್ಟಿದೆಯೇ ಎಂದು ತಿಳಿಯಲು ಕೈಗಡಿಯಾರದಂಥ ಹೊಸ ಯಂತ್ರಗಳು ಬೇಕೇಬೇಕೆಂದಿಲ್ಲ. ನಡೆಯುವಾಗ ಮಾತನಾಡಲು ಬರಬೇಕು, ಹಾಡಲು ಬರಬಾರದು. ಹಾಡು ಸಲೀಸಾಗಿ ಬಂದರೆ ನೀವು ವಿಹಾರದಲ್ಲಿದ್ದೀರಿ. ಇನ್ನೊಂದು ಕ್ರಮ ಹೆಜ್ಜೆ ಎಣಿಸುವುದು. ನಿಮಿಷಕ್ಕೆ ನೂರು ಹೆಜ್ಜೆಗೆ ಕಡಿಮೆಯಾಗಬಾರದು. ನಾಡಿಯ ಲೆಕ್ಕ ಬೇಕೆನ್ನುವವರು 220ರಲ್ಲಿ ತಮ್ಮ ವಯಸ್ಸನ್ನು ಕಳೆಯಿರಿ. ನಲವತ್ತೈದರವನಿಗೆ 175 ಬರುತ್ತದೆ. ನಡೆಯುವಾಗ ನಾಡಿ ನಿಮಿಷಕ್ಕೆ ಸುಮಾರು 112ರಿಂದ 133ರ ನಡುವೆ ಇದ್ದರೆ ಮಧ್ಯಮ ತೀವ್ರತೆಯ ವ್ಯಾಯಾಮವಾಯಿತು. ಇದು ಅಂದಾಜಿನ ಸೂತ್ರ, ಅಂಗೈ ರೇಖೆಯಂತೆ ನಂಬಬೇಡಿರಿ. ಇಂಥ ವ್ಯಾಯಾಮ ವಾರಕ್ಕೆ 150ರಿಂದ 300 ನಿಮಿಷ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಬೊಜ್ಜು ಇಳಿಸಬೇಕೆನ್ನುವವರು ಮುನ್ನೂರರ ಕಡೆಗೇ ವಾಲುವುದು ಒಳಿತು.

ಒಂದೇ ಸಮನೆ ಬಿರುಸಾಗಿ ನಡೆಯಲಾಗದವರಿಗೆ ಜಪಾನಿನವರು ಒಂದು ಸುಲಭದ ದಾರಿ ಕಂಡುಹಿಡಿದಿದ್ದಾರೆ. ಶಿನ್‌ಶು ವಿಶ್ವವಿದ್ಯಾಲಯದ ಹಿರೋಶಿ ನೋಸೆ ಅವರ ತಂಡ ವಯಸ್ಸಾದವರಿಗೆ ಮೂರು ನಿಮಿಷ ಬಿರುಸು, ಮೂರು ನಿಮಿಷ ನಿಧಾನ, ಹೀಗೆ ಐದು ಸಲ ನಡೆಯಲು ಕಲಿಸಿತು. 2013ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಇದೇ ಕ್ರಮವನ್ನು ಸಕ್ಕರೆ ಕಾಯಿಲೆಯವರಲ್ಲಿ ನಾಲ್ಕು ತಿಂಗಳು ಪರೀಕ್ಷಿಸಿದರು. ಒಂದು ಗುಂಪು ಏಕರೀತಿಯಾಗಿ ನಡೆಯಿತು, ಇನ್ನೊಂದು ಬಿರುಸು–ನಿಧಾನಗಳನ್ನು ಬದಲಿಸುತ್ತ ನಡೆಯಿತು. ಎರಡೂ ಗುಂಪು ವ್ಯಯಿಸಿದ ಶಕ್ತಿ ಸಮವಾಗಿತ್ತು. ಬೊಜ್ಜು ಇಳಿದದ್ದು ಎರಡನೆಯ ಗುಂಪಿನಲ್ಲಿ ಮಾತ್ರ. ಅಧ್ಯಯನ ಚಿಕ್ಕದು, ಅದೊಂದನ್ನೇ ವೇದವಾಕ್ಯವೆನ್ನಲಾಗದು. ಆದರೂ ಪ್ರಯತ್ನಿಸಿ ನೋಡಲು ಖರ್ಚೇನಿದೆ?

ಊಟದ ಮಾತನ್ನು ಬಿಟ್ಟು ಈ ವಿಷಯ ಪೂರ್ಣವಾಗದು. ತಾಂಜಾನಿಯಾದ ಹಾಡ್ಜಾ ಎಂಬ ಬೇಟೆಗಾರ ಜನ ದಿನವೂ ಮೈಲುಗಟ್ಟಲೆ ನಡೆಯುವವರು. ಅವರ ದಿನದ ಒಟ್ಟು ಶಕ್ತಿವ್ಯಯ, ದೇಹದ ಗಾತ್ರವನ್ನು ಲೆಕ್ಕಕ್ಕೆ ಹಿಡಿದರೆ, ಅಮೆರಿಕದ ನಗರವಾಸಿಗಳದಕ್ಕಿಂತ ಹೆಚ್ಚೇನಿಲ್ಲವೆಂದು 2012ರಲ್ಲಿ ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು ತೋರಿಸಿದರು. ದೇಹ ಬಲು ಜಿಪುಣ, ಒಂದು ಕಡೆ ಖರ್ಚು ಹೆಚ್ಚಿದರೆ ಇನ್ನೊಂದು ಕಡೆ ಉಳಿಸುತ್ತದೆ. ನಡಿಗೆಯಿಂದ ಬಂದ ಹಸಿವಿಗೆ ಒಂದು ಹೋಳಿಗೆ ಹೆಚ್ಚು ತಿಂದರೆ ಮುಗಿಯಿತು. ನಮ್ಮ ಜೋಳದ ರೊಟ್ಟಿ, ಪುಂಡಿ ಪಲ್ಯ, ಕಾಳಿನ ಪಲ್ಯ ಒಳ್ಳೆಯ ಆಹಾರವೇ. ಶೇಂಗಾ ಹಿಂಡಿಯೂ ಒಳ್ಳೆಯದು, ಆದರೆ ಚಮಚೆಯಲ್ಲಿರಲಿ, ಬಟ್ಟಲಲ್ಲಿ ಬೇಡ. ಹಾಗೆಯೇ ವಾರಕ್ಕೆ ಎರಡು ದಿನ ಬೈಠಕ್, ದಂಡ ಇಲ್ಲವೇ ಭಾರ ಎತ್ತುವ ಅಭ್ಯಾಸ ಸೇರಿಸಿರಿ. ಇಲ್ಲದಿದ್ದರೆ ತೂಕ ಇಳಿಯುವಾಗ ಬೊಜ್ಜಿನ ಜೊತೆ ಸ್ನಾಯುವೂ ಕರಗುತ್ತದೆ. ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆಯ ಬೊಜ್ಜೇ ಕರಗುವುದೆಂಬುದು ಸುಳ್ಳು ನಂಬಿಕೆ.

"ನಾನು ತೆಳ್ಳಗಿದ್ದೇನೆ, ನನಗೇಕೆ ಇದು" ಎನ್ನುವವರು ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಅವರ ಉದಾಹರಣೆ ಕೇಳಿರಿ. ಅವರೂ ಅವರ ಬ್ರಿಟಿಷ್ ಸ್ನೇಹಿತ ಜಾನ್ ಯುಡ್ಕಿನ್ ಅವರೂ ಜೊತೆಗೆ ತೆಗೆಸಿಕೊಂಡ ಭಾವಚಿತ್ರ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು. ಇಬ್ಬರ ಎತ್ತರ–ತೂಕಗಳ ಸೂಚ್ಯಂಕ ಒಂದೇ, 22.3. ಆದರೆ ದೇಹದ ಕೊಬ್ಬು ಯುಡ್ಕಿನ್ ಅವರಲ್ಲಿ ಶೇಕಡಾ 9.1, ಯಾಜ್ಞಿಕ್ ಅವರಲ್ಲಿ ಶೇಕಡಾ 21.2! ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಗಟ್ಟಿ ಬೊಜ್ಜು, ಇದು ನಮ್ಮ ಜನರ ಮೈಕಟ್ಟು. ಆದುದರಿಂದ ತೂಕದ ಯಂತ್ರಕ್ಕಿಂತ ದರ್ಜಿಯ ಟೇಪನ್ನು ನಂಬಿರಿ. ಭಾರತೀಯ ಗಂಡಸರಿಗೆ ಸೊಂಟದ ಸುತ್ತಳತೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಇಲ್ಲವೇ ಗುಳಿಗೆ ತೆಗೆದುಕೊಳ್ಳುವವರು, ಹೃದಯದ ಚಿಕಿತ್ಸೆ ಆದವರು ತಮ್ಮ ವೈದ್ಯರನ್ನು ಕೇಳದೆ ವೇಗ ಹೆಚ್ಚಿಸಬೇಡಿರಿ. ರಕ್ತದೊತ್ತಡದ ಕೆಲವು ಗುಳಿಗೆಗಳು ನಾಡಿಯನ್ನು ತಗ್ಗಿಸುವುದರಿಂದ ಅಂಥವರಿಗೆ ಮೇಲಿನ ನಾಡಿಯ ಲೆಕ್ಕ ಹೊಂದದು, ಮಾತಿನ ಪರೀಕ್ಷೆಯೇ ಸರಿ. ನಡೆಯುವಾಗ ಎದೆ ಹಿಡಿದಂತಾದರೆ ಅಲ್ಲಿಯೇ ನಿಲ್ಲಿಸಿ ದವಾಖಾನೆಗೆ ಹೋಗಿರಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ತಾಪಮಾನ 42 ಡಿಗ್ರಿ ದಾಟುತ್ತದೆ. ಆಗ ಸೂರ್ಯೋದಯಕ್ಕೆ ಮೊದಲೇ ಮುಗಿಸಬೇಕು.

ಕೊನೆಯದಾಗಿ ಒಂದು ಬೇಡಿಕೆ. ಕಮಲಾಪುರದಲ್ಲಿ ಬಿರುಸಾಗಿ ನಡೆಯಬೇಕೆಂದರೆ ಉದ್ದನೆಯ ನೇರ ದಾರಿ ಎಂದರೆ ಕಲಬುರಗಿ–ಹುಮನಾಬಾದ್ ಹೆದ್ದಾರಿ. ನಸುಕಿನಲ್ಲಿ ಲಾರಿಗಳ ನಡುವೆ ಅಲ್ಲಿ ನಡೆಯಲು ಯಾವ ಹೆಣ್ಣುಮಗಳಿಗೂ ನಾನು ಹೇಳಲಾರೆ. ಪ್ರೌಢಶಾಲೆಗಳಿಗೆ ಮೈದಾನಗಳಿವೆ. ಕ್ರೀಡಾಕೂಟಕ್ಕೆಂದು 200 ಮೀಟರಿನ ಟ್ರ್ಯಾಕ್ ಸುಣ್ಣದಲ್ಲಿ ಎಳೆಯುವುದು ಎಲ್ಲ ದೈಹಿಕ ಶಿಕ್ಷಕರಿಗೂ ಬರುತ್ತದೆ. ಅದರ ಹದಿನೈದು ಸುತ್ತು ಮೂರು ಕಿಲೋಮೀಟರ್. ಬೆಳಿಗ್ಗೆ ಐದರಿಂದ ಏಳರವರೆಗೆ ಬಾಗಿಲು ತೆರೆದು ಒಂದು ದೀಪ ಹಾಕಿದರೆ ಓಣಿಯ ಹೆಂಗಸರು ಗುಂಪಾಗಿ ಬಂದು ನಡೆಯಬಹುದು, ಅಲ್ಲಿ ಬಸ್ ತಪ್ಪಿತೇನೆಂದು ಕೇಳುವವರಿರುವುದಿಲ್ಲ. ನಿಮ್ಮಲ್ಲಿ ಕೆಲವರು ಈಗ ಶಾಲಾಭಿವೃದ್ಧಿ ಸಮಿತಿಗಳಲ್ಲಿದ್ದೀರಿ, ಇಬ್ಬರು ಮುಖ್ಯೋಪಾಧ್ಯಾಯರೂ ಆಗಿದ್ದೀರಿ. ಬೀಗದ ಕೈ ನಿಮ್ಮ ಹತ್ತಿರವೇ ಇದೆ.