ಹಾಳೆಬಾಲದ ಮೀನು

ಮಕ್ಕಳೇ, ಕಳೆದ ವಾರ ನಮ್ಮ ತೋಟದ ಟ್ಯಾಂಕಿಯಲ್ಲಿ ಒಂದು ಮೀನು ಮುಳುಗಿಹೋಯಿತು. ಮೀನು ಮುಳುಗುವುದೆಂದರೆ ಎಂತದು ಎಂದು ನಗಬೇಡಿ. ಅದು ಎಣ್ಣೆಬಾಟಲಿಯ ಮೀನು, ರಜೆಗೆಂದು ಕಕ್ಕಿಂಜೆಗೆ ಬಂದ ನನ್ನ ಮೊಮ್ಮಗ ಮಾಡಿದ್ದು. ಹಳೇ ಆಟಿಕೆ ಕಾರಿನ ಮೋಟಾರು ಬಿಚ್ಚಿ, ಬಾಟಲಿಯ ಹಿಂದೆ ಪುಟ್ಟ ಫ್ಯಾನು ಸಿಕ್ಕಿಸಿದ್ದ. ಎರಡು ಮೊಳ ಹೋಗುವಷ್ಟರಲ್ಲಿ ಫ್ಯಾನಿಗೆ ಪಾಚಿ ಸುತ್ತಿತು, ಬಾಟಲಿಗೆ ನೀರು ನುಗ್ಗಿತು, ಕತೆ ಮುಗಿಯಿತು.

"ಅಜ್ಜಾ, ನಿಜವಾದ ಮೀನಿಗೆ ಫ್ಯಾನೇ ಇಲ್ಲವಲ್ಲ!" ಎಂದ.

ಮರುದಿನವೇ ಶಿಶಿಲಕ್ಕೆ ಹೋದೆವು. ಅಲ್ಲಿ ದೇವಸ್ಥಾನದ ಪಕ್ಕದಲ್ಲೇ ಕಪಿಲಾ ನದಿ. ದೇವರ ಮೀನುಗಳನ್ನು ಯಾರೂ ಹಿಡಿಯುವಂತಿಲ್ಲ. ಅಕ್ಕಿ ಎಸೆಯುವುದನ್ನೂ ಮರೆತು ಹುಡುಗ ನೋಡುತ್ತಾ ನಿಂತ. ನೀರು ಹರಿದು ಬರುವ ದಿಕ್ಕಿಗೆ ಮೂತಿಯಿಟ್ಟು, ಕಲ್ಲಿನ ಹಿಂದೆ ನಿಂತ ಮೀನು ಹೆಚ್ಚು ಕಷ್ಟಪಡುವುದೇ ಇಲ್ಲ. ಕಲ್ಲಿಗೆ ಬಡಿದ ನೀರು ಅತ್ತೊಂದು ಇತ್ತೊಂದು ಸುಳಿಯಾಗುತ್ತದೆ, ಮೀನು ಆ ಸುಳಿಗಳಿಗೇ ಮೈ ಒಡ್ಡುತ್ತದೆ. ಅಮೆರಿಕದ ವಿಜ್ಞಾನಿಗಳು ಇಂಥ ಸುಳಿಯಲ್ಲಿ ಸತ್ತ ಟ್ರೌಟ್ ಮೀನೊಂದನ್ನು ಇಟ್ಟು ನೋಡಿದ್ದರು. ಸತ್ತ ಮೀನಿನ ಮೈ ತಾನಾಗಿ ಬಳುಕಿ, ಹರಿವಿಗೆ ಎದುರಾಗಿ ಮುಂದೆ ಹೋಯಿತಂತೆ! ಅಂದರೆ ಈಜಿನ ಅರ್ಧ ಗುಟ್ಟು ಮೀನಿನ ಮೈಯ ಬಾಗುವಿಕೆಯಲ್ಲೇ ಉಂಟು.

ಇದನ್ನು ಯಂತ್ರದಲ್ಲಿ ತರಲು ದೊಡ್ಡವರೂ ಒದ್ದಾಡಿದ್ದಾರೆ. 1990ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಲೈಕ್ರಾ ಬಟ್ಟೆಯ ಚರ್ಮ ತೊಡಿಸಿದ 'ರೋಬೋಟ್ಯೂನ' ತಯಾರಾಯಿತು. ಆದರೆ ಪಾಪ, ಅದು ತೊಟ್ಟಿಯ ಮೇಲಿನ ಗಾಡಿಗೆ ಜೋತುಬಿದ್ದೇ ಈಜಬೇಕಿತ್ತು. 2018ರಲ್ಲಿ ಅಲ್ಲಿಯವರೇ ಮಾಡಿದ 'ಸೋಫಿ' ಮಾತ್ರ ಫಿಜಿಯ ಹವಳದ ದಿಬ್ಬಗಳಲ್ಲಿ ಸ್ವತಂತ್ರವಾಗಿ ಈಜಿತು. ಅದರ ರಬ್ಬರಿನಂಥ ಬಾಲದೊಳಗೆ ಎರಡು ಚೀಲ. ಪಂಪು ಎಡಚೀಲಕ್ಕೊಮ್ಮೆ ಬಲಚೀಲಕ್ಕೊಮ್ಮೆ ನೀರು ತುಂಬಿದರೆ ಬಾಲ ಅತ್ತಿತ್ತ ಬಾಗುತ್ತದೆ. ನೀರಿನೊಳಗೆ ರೇಡಿಯೋ ಅಲೆ ದೂರ ಹೋಗುವುದಿಲ್ಲವಾದ್ದರಿಂದ ನಮ್ಮ ಕಿವಿಗೆ ಕೇಳದ ಸದ್ದಿನಲ್ಲೇ ಅದಕ್ಕೆ ಆಜ್ಞೆ. 18 ಮೀಟರ್ ಆಳದವರೆಗೂ ಇಳಿಯಿತು. ಅಲ್ಲಿನ ಮೀನುಗಳು ಹೆದರಿ ಓಡಲೂ ಇಲ್ಲ.

ನಮ್ಮಲ್ಲಿ ರಬ್ಬರು ಬಾಲ ಎಲ್ಲಿಂದ? ಹುಡುಗ ಕಾರಿನ ಚಕ್ರದ ಅಂಚಿಗೆ ಮೊಳೆ ಸಿಕ್ಕಿಸಿ, ತಂತಿ ಕಟ್ಟಿದ. ಚಕ್ರ ಒಂದು ಸುತ್ತು ಬಂದರೆ ಬಾಲ ಒಮ್ಮೆ ಅತ್ತ, ಒಮ್ಮೆ ಇತ್ತ. ಮೊದಲು ಪ್ಲಾಸ್ಟಿಕ್ ಅಡಿಪಟ್ಟಿಯ ಬಾಲ. ಅದು ಬಾಗದೆ ಬಾಟಲಿಯನ್ನೇ ಅಲ್ಲಾಡಿಸಿತು. ಆಗ ಅವನ ಅಜ್ಜಿ ಅಂಗಳದಿಂದ ಅಡಿಕೆ ಹಾಳೆ ತಂದುಕೊಟ್ಟಳು. ದಪ್ಪ ಭಾಗ ಬಾಟಲಿಯ ಕಡೆಗೆ, ತೆಳು ಅಂಚು ಹೊರಗೆ. ಬುಡ ತಿರುಗಿದ ಮೇಲೆ ಅಂಚು ತುಸು ತಡವಾಗಿ ಹಿಂಬಾಲಿಸುತ್ತದೆ, ನೀರನ್ನು ಹಿಂದಕ್ಕೆ ತಳ್ಳುತ್ತದೆ. ಮೀನು ಹೊರಟೇಬಿಟ್ಟಿತು! ಪಾಚಿಯೂ ಸುತ್ತಲಿಲ್ಲ.

"ಇದರಿಂದ ಎಂತ ಉಪಯೋಗ ಅಜ್ಜ?"

ಅವನನ್ನು ಹತ್ತಿರ ಕೂರಿಸಿಕೊಂಡೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಗಂಗಾವಳಿಗೆ ಬಿದ್ದವರನ್ನು ಹುಡುಕಲು ನೌಕಾಪಡೆಯವರು ಬಂದರು, ನಮ್ಮ ಈಶ್ವರ ಮಲ್ಪೆಯವರೂ ಪ್ರಾಣದ ಹಂಗು ತೊರೆದು ಮುಳುಗಿದರು. ಆದರೆ ಆ ಸೆಳೆತ, ಆ ಕೆಸರು! ಕೇರಳದ ಲಾರಿಯೊಂದು, ಅದರೊಳಗಿದ್ದ ಚಾಲಕನ ದೇಹ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಮನೆಯವರು ಎರಡು ತಿಂಗಳಿಗೂ ಹೆಚ್ಚು ಕಾದರು. ಮನುಷ್ಯ ಇಳಿಯಲಾಗದ ಕಡೆ ಯಂತ್ರದ ಮೀನು ಇಳಿಯುವಂತಿದ್ದರೆ?

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. "ಸೋಫಿಯನ್ನು ಕಳಿಸಬಹುದಿತ್ತಲ್ಲ?"

ಸೋಫಿಯ ವೇಗ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಗೇಣು. 2019ರ ಆಗಸ್ಟಿನಲ್ಲಿ ನಮ್ಮ ಮೃತ್ಯುಂಜಯ ಹೊಳೆ ಉಕ್ಕಿ ಬಂದದ್ದನ್ನು ನಾನು ಕಣ್ಣಾರೆ ಕಂಡವನು. ಅಂಥ ನೀರಲ್ಲಿ ಸೋಫಿ ಒಣಗಿದ ತರಗೆಲೆ. ಹಾಗೆಂದೇ ಹೇಳಿದೆ.

"ಹಾಗಾದರೆ ಕಲ್ಲಿನ ಹಿಂದೆ ನಿಲ್ಲುವುದನ್ನು ಮೊದಲು ಕಲಿಸಬೇಕು" ಎಂದು ಅವನು ಇನ್ನೊಂದು ಹಾಳೆ ಹುಡುಕಲು ಎದ್ದ. ಈಗಿನ ಮೀನು ಎಡಕ್ಕೆ ಮಾತ್ರ ತಿರುಗುತ್ತದೆ, ಟ್ಯಾಂಕಿಯಲ್ಲಿ ಸುತ್ತು ಹಾಕುತ್ತಲೇ ಉಂಟು.