ಅಂಟಿಸುವ ಮುನ್ನ ಸೋಸೋಣ



ನಾನು ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕ. ಕಳೆದ ವರ್ಷ ನಮ್ಮ ಶಾಲೆಗೆ ಪ್ರೊಜೆಕ್ಟರ್ ಬಂತು. ವಚನ ಪಾಠಕ್ಕೆ ಪ್ಯಾಡ್‌ಲೆಟ್ ಎಂಬ ಸಾಧನ ಬಳಸಿ ನೋಡೋಣವೆನಿಸಿತು. ಅದೊಂದು ಸೂಚನಾ ಫಲಕವಿದ್ದಂತೆ. ಯೂಟ್ಯೂಬಿನ ವಚನ ಗಾಯನ, ಕೂಡಲಸಂಗಮದ ಚಿತ್ರ, ದೀಕ್ಷಾ ವೇದಿಕೆಯ ವಿಡಿಯೊ, ವಾಟ್ಸ್ಆ್ಯಪಿನಲ್ಲಿ ಬಂದ ವಚನದ ಪಟ, ಎಲ್ಲವನ್ನೂ ಒಂದೇ ಕಡೆ ಅಂಟಿಸಬಹುದು. ಎರಡು ಸಂಜೆಯಲ್ಲಿ ಅರವತ್ತು ತುಣುಕು ಕೂಡಿಸಿದೆ. ಹೆಮ್ಮೆಯೂ ಆಯಿತು.

ಮೂರನೆಯ ದಿನ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು. "ಸರ್, ಆ ಹಳದಿ ಪಟದಾಗಿನ ವಚನ ಎಲ್ಲಿಯೂ ಸಿಗವಲ್ದರಿ" ಎಂದಳು. ವಚನ ಸಂಚಯ ಜಾಲತಾಣದಲ್ಲಿ ಪದ ಹುಡುಕುವುದನ್ನು ನಾನೇ ಕಲಿಸಿದ್ದೆ. ಅವಳು ಅಪ್ಪನ ಮೊಬೈಲಿನಲ್ಲಿ ಹುಡುಕಿದ್ದಳು. ನಾನು ಗ್ರಂಥಾಲಯಕ್ಕೆ ಹೋಗಿ ಬಸವಣ್ಣನವರ ವಚನ ಸಂಪುಟ ತೆಗೆದು ನೋಡಿದೆ. ಅಲ್ಲಿಯೂ ಇರಲಿಲ್ಲ. ಯಾರೋ ಇಂದಿನ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಕೊನೆಗೆ ಕೂಡಲಸಂಗಮದೇವನ ಅಂಕಿತ ಹಚ್ಚಿದ್ದರು. ನಾನು ಅದನ್ನು ಬಸವಣ್ಣನವರದೆಂದು ಮಕ್ಕಳಿಗೆ ಕಲಿಸಿದ್ದೆ. ಮರುದಿನ ತರಗತಿಯಲ್ಲಿ ತಪ್ಪೊಪ್ಪಿಕೊಂಡೆ.

ಇದರಲ್ಲಿ ಸಾಧನದ ತಪ್ಪಿಲ್ಲ. ಕೊಟ್ಟಿದ್ದನ್ನೆಲ್ಲ ಅದು ಅಂಟಿಸಿಕೊಳ್ಳುತ್ತದೆ. ಸೋಸುವ ಕೆಲಸ ನನ್ನದಾಗಿತ್ತು, ನಾನು ಮಾಡಲಿಲ್ಲ. ಈ ಕೆಲಸದ ಬೆಲೆ ನಮ್ಮ ಪರಂಪರೆಗೆ ಚೆನ್ನಾಗಿ ಗೊತ್ತು. ಫ.ಗು. ಹಳಕಟ್ಟಿಯವರು ವಕೀಲಿ ವೃತ್ತಿಯ ನಡುವೆ ತಾಳೆಗರಿಗಳನ್ನು ಹುಡುಕಿ, ಓದಿ, ವಿಂಗಡಿಸಿ 1923ರಲ್ಲಿ 'ವಚನಶಾಸ್ತ್ರಸಾರ' ಹೊರತಂದರು. 1993ರಲ್ಲಿ ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟಗಳು ಬಂದವು. ಅವರು ವರ್ಷಗಟ್ಟಲೆ ಸೋಸಿಟ್ಟಿದ್ದನ್ನು ನಾವು ಒಂದು ಫಾರ್ವರ್ಡಿನಿಂದ ಕಲಬೆರಕೆ ಮಾಡುತ್ತಿದ್ದೇವೆ.

ಎರಡನೆಯ ಸಲ ಅರವತ್ತರ ಬದಲು ಹನ್ನೆರಡೇ ತುಣುಕು ಇಟ್ಟೆವು. ಆಯ್ಕೆಯನ್ನು ಮಕ್ಕಳೇ ಮಾಡಿದರು. ಪ್ರತಿಯೊಂದರ ಕೆಳಗೆ ಮೂರು ಮಾತು ಬರೆಯಬೇಕು: ಇದು ಯಾರದು, ಎಲ್ಲಿಂದ ತಂದೆವು, ಇಲ್ಲಿ ಏಕೆ ಇಟ್ಟೆವು. ಮನೆಯಲ್ಲಿ ಮೊಬೈಲ್ ಇಲ್ಲದ ಮಕ್ಕಳು ಅದನ್ನೇ ಗೋಡೆಯ ಹಾಳೆಯ ಮೇಲೆ ಬರೆದರು. ಒಬ್ಬ ಹುಡುಗ ತನ್ನ ಅಜ್ಜಿ ಹಾಡಿದ ವಚನವನ್ನು ರೆಕಾರ್ಡ್ ಮಾಡಿ ತಂದ. ಅದರಲ್ಲಿ ಒಂದು ಪದ ಪುಸ್ತಕಕ್ಕಿಂತ ಬೇರೆ ಇತ್ತು. ಅಜ್ಜಿಯದು ತಪ್ಪೋ, ಬಾಯಿಂದ ಬಾಯಿಗೆ ಬಂದ ಪಾಠಾಂತರವೋ ಎಂದು ಒಂದು ಪೂರ್ತಿ ಪೀರಿಯಡ್ ಚರ್ಚೆ ನಡೆಯಿತು. ನಾನು ಉಪನ್ಯಾಸ ಕೊಟ್ಟಿದ್ದರೆ ಅಷ್ಟು ಕಲಿಯುತ್ತಿರಲಿಲ್ಲ.

ಮಠಗಳು ನಡೆಸುವ ಶಾಲೆಗಳು ನಾಡಿನಲ್ಲಿ ಬೇಕಾದಷ್ಟಿವೆ. ಅಲ್ಲಿನ ಕನ್ನಡ ಶಿಕ್ಷಕರೆಲ್ಲ ಕೂಡಿ, ಸಂಪುಟ ಮತ್ತು ವಚನ ಸಂಖ್ಯೆ ಸಹಿತವಾದ ಒಂದು ಸಾಮಾನ್ಯ ಸಂಗ್ರಹ ಸಿದ್ಧಪಡಿಸಲಿ. ಪೂಜ್ಯರು ಇದಕ್ಕೆ ಮುಂದಾಗಬೇಕೆಂದು ನನ್ನ ಬಿನ್ನಹ. ಭಕ್ತರೂ ವಚನವೊಂದನ್ನು ಮುಂದೆ ಕಳಿಸುವ ಮೊದಲು ಒಮ್ಮೆ ಹುಡುಕಿ ನೋಡಲಿ. ನಮ್ಮ ಮಾತನ್ನು ಬಸವಣ್ಣನವರ ಬಾಯಲ್ಲಿ ಆಡಿಸುವ ಹಕ್ಕು ನಮಗಿಲ್ಲ.